ಆಯಿಲ್ ಕುಡಿಯುವ ಹಳೆಯ ಕಾರು: ಕಾರಣ ಹುಡುಕಿದ ಅನುಭವ

ಕಳೆದ ಮಳೆಗಾಲಕ್ಕೆ ಮುಂಚೆ ಕಾಸರಗೋಡಿನಲ್ಲಿ ನಾನು ಕೊಂಡ ಹಳೆಯ ಪೆಟ್ರೋಲ್ ಕಾರು ಓಡಿಸುವುದಕ್ಕೆ ಹಿತವಾಗಿಯೇ ಇತ್ತು. ನಾಲ್ಕು ಸಿಲಿಂಡರಿನ 1100 ಸಿಸಿ ಎಂಜಿನ್, ಓಡೋಮೀಟರಿನಲ್ಲಿ 90,000 ಕಿಲೋಮೀಟರು ದಾಟಿತ್ತು. ಏರಿನಲ್ಲಿ ಎಳೆತ ಚೆನ್ನಾಗಿತ್ತು, ಮೈಲೇಜಿನ ಬಗ್ಗೆಯೂ ದೂರು ಹೇಳುವ ಹಾಗಿರಲಿಲ್ಲ. ಮಾರಿದವರು ಎಂಜಿನ್ ಆಯಿಲ್ ಹೊಸದಾಗಿ ತುಂಬಿಸಿ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಬಾನೆಟ್ ತೆರೆದು ಆಯಿಲಿನ ಮಟ್ಟ ತೋರಿಸುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ ನೋಡುವುದು ನನ್ನ ಹಿಂದಿನ ಕಾರಿನ ಕಾಲದಿಂದಲೂ ನಡೆದುಬಂದ ರೂಢಿಯಾದ್ದರಿಂದ, ಮೇಲಿನ ಗುರುತಿನಲ್ಲಿದ್ದ ಆಯಿಲ್ ಕೆಲವೇ ವಾರಗಳಲ್ಲಿ ಕೆಳಗಿನ ಗುರುತಿನ ಸಮೀಪಕ್ಕೆ ಇಳಿದದ್ದು ಬೇಗನೆ ಕಣ್ಣಿಗೆ ಬಿತ್ತು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಒಮ್ಮೆಯೂ ಹೊತ್ತಿರಲಿಲ್ಲ. ಹೊತ್ತಬೇಕಾಗಿಯೂ ಇರಲಿಲ್ಲ. ಹೆಚ್ಚಿನ ಕಾರುಗಳಲ್ಲಿ ಆ ದೀಪಕ್ಕೂ ಎಂಜಿನ್ನಿನ ತಳದ ಆಯಿಲ್ ಚೇಂಬರಿನಲ್ಲಿರುವ ಆಯಿಲಿನ ಪ್ರಮಾಣಕ್ಕೂ ನೇರವಾದ ಸಂಬಂಧವಿಲ್ಲ. ಆಯಿಲಿನ ಒತ್ತಡ ಬಿದ್ದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಮಟ್ಟ ಇಳಿದದ್ದರಿಂದಲೇ ದೀಪ ಹೊತ್ತಿತೆಂದರೆ ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆಯಲು ತೊಡಗಿದೆ ಎಂದರ್ಥ, ಮತ್ತು ಆ ಹೊತ್ತಿಗೆ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕಿನ ಬೇರಿಂಗುಗಳಿಗೆ ಪೆಟ್ಟು ಬಿದ್ದಿರುವುದೂ ಸಾಧ್ಯ. ದೀಪವನ್ನೇ ನಂಬಿ ಹಳೆಯ ಕಾರು ಓಡಿಸುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಹಾಗಾಗಿ ಇದನ್ನು ಮೊದಲೇ ಹೇಳಿದೆ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡಿ, ಎರಡು ಸಲ ಆಕ್ಸಿಲರೇಟರ್ ಒತ್ತಿ, ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ನೋಡಿ, "ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂದರು. ರಿಂಗ್ ಎಂದರೆ ಪಿಸ್ಟನ್ನಿನ ಸುತ್ತ ಕೂತು ಸಿಲಿಂಡರಿನ ಗೋಡೆಗೆ ಒತ್ತುವ ಬಳೆಗಳು. ಅವರು ಹೇಳಿದ ಖರ್ಚು ಕಾರಿಗೆ ನಾನು ಕೊಟ್ಟ ಬೆಲೆಯ ಮೂರರಲ್ಲಿ ಒಂದು ಪಾಲಿನಷ್ಟಿತ್ತು. ನೆರೆಹೊರೆಯವರ ಸಲಹೆ ಇದಕ್ಕೆ ತೀರಾ ವಿರುದ್ಧವಾಗಿತ್ತು: ಕಡಿಮೆಯಾದಾಗ ಅರ್ಧ ಲೀಟರ್ ಹಾಕುತ್ತಿದ್ದರೆ ಸಾಕು, ಹಳೆಯ ಗಾಡಿ ಎಂದರೆ ಅಷ್ಟೇ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಕಾರಣ ತಿಳಿಯದೆ ಎಂಜಿನ್ ಬಿಚ್ಚುವುದು ದುಂದು; ಕಾರಣ ತಿಳಿಯದೆ ಆಯಿಲ್ ಸುರಿಯುತ್ತಾ ಹೋಗುವುದೂ ಕೊನೆಗೆ ಅಗ್ಗವಾಗುವುದಿಲ್ಲ. ಸಿಲಿಂಡರಿನೊಳಗೆ ಉರಿಯುವ ಆಯಿಲಿನಲ್ಲಿ ಸವೆತ ತಡೆಯಲೆಂದು ಸೇರಿಸಿದ ರಂಜಕದ ಅಂಶವಿರುತ್ತದೆ. ಅದು ಹೊಗೆಯೊಂದಿಗೆ ಹೋಗಿ, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಪದರವಾಗಿ ಕೂತು ಅದರ ಕೆಲಸವನ್ನು ಕುಂದಿಸುತ್ತದೆ, ಉರಿದ ಆಯಿಲಿನ ಮಸಿ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕಟ್ಟುತ್ತದೆ. ಕನ್ವರ್ಟರ್ ಬದಲಿಸುವ ಖರ್ಚು ಕೇಳಿದವರು ಅರ್ಧ ಲೀಟರಿನ ಲೆಕ್ಕವನ್ನು ಮತ್ತೆ ಎತ್ತುವುದಿಲ್ಲ.

ಬದಿಯಡ್ಕದ ಕಡೆ ಸ್ವಂತ ಶೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಕಾರನ್ನು ಅವರಲ್ಲಿಗೆ ಒಯ್ದಾಗ ಅವರು ಬಾನೆಟ್ಟನ್ನೂ ತೆರೆಯಲಿಲ್ಲ. "ಮಾಷ್ಟ್ರೇ, ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹೋಗ್ತದೆ? ಅಂದಾಜು ಬೇಡ, ಲೆಕ್ಕ ಬೇಕು" ಎಂದು ಕೇಳಿ, ಅಳೆದುಕೊಂಡು ಬರಲು ಕಳುಹಿಸಿಕೊಟ್ಟರು. ಈ ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಮಾತು ಇದೇ.

ಅಳತೆ ಸುಲಭವೆಂದು ತೋರುತ್ತದೆ, ಆದರೆ ಸಣ್ಣಪುಟ್ಟ ತಪ್ಪುಗಳಿಗೆ ಅಲ್ಲಿ ಬೇಕಾದಷ್ಟು ಎಡೆಯಿದೆ. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ನಮ್ಮ ಗುಡ್ಡದ ಬದಿಯ ಮನೆಗಳ ಅಂಗಳಗಳು ಕಣ್ಣಿಗೆ ಸಮವಾಗಿ ಕಂಡರೂ ನೀರು ಹರಿದುಹೋಗಲೆಂದು ಒಂದು ಕಡೆಗೆ ವಾಲಿರುತ್ತವೆ, ಅಷ್ಟು ವಾಲಿದರೂ ಡಿಪ್‌ಸ್ಟಿಕ್ಕಿನಲ್ಲಿ ಓದುವ ಮಟ್ಟ ಬದಲಾಗುತ್ತದೆ. ಹಾಗಾಗಿ ಶಾಲೆಯ ಸಿಮೆಂಟಿನ ಕಟ್ಟೆಯೊಂದನ್ನೇ ಖಾಯಂ ಜಾಗ ಮಾಡಿಕೊಂಡು, ಪ್ರತಿ ಸಲವೂ ಕಾರನ್ನು ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದೆ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ 10 ನಿಮಿಷ ಕಾದು, ಆಯಿಲೆಲ್ಲ ಚೇಂಬರಿಗೆ ಇಳಿದ ನಂತರ ಡಿಪ್‌ಸ್ಟಿಕ್ಕನ್ನು ಒರೆಸಿ, ಮತ್ತೆ ಅದ್ದಿ ನೋಡುವುದು. ಮೇಲಿನ ಗುರುತಿಗೆ ಬರುವವರೆಗೆ ಪ್ರಯೋಗಶಾಲೆಯ ಅಳತೆ ಜಾಡಿಯಿಂದ ಸ್ವಲ್ಪ ಸ್ವಲ್ಪವೇ ಸುರಿಯುವುದು. ಎಷ್ಟು ಸುರಿದೆ ಎಂಬುದನ್ನು ಓಡೋಮೀಟರಿನ ಅಂಕಿಯ ಜೊತೆ ಬರೆದಿಡುವುದು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎರಡು ಗುರುತುಗಳ ನಡುವೆ ಹಿಡಿಯುವ ಆಯಿಲ್ 1 ಲೀಟರಿನ ಆಸುಪಾಸಿನಲ್ಲಿರುತ್ತದೆ, ಆದರೆ ಆ ಅಂದಾಜನ್ನು ನೆಚ್ಚಿಕೊಳ್ಳದೆ ಸುರಿದದ್ದನ್ನೇ ಅಳೆಯುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮವನ್ನೂ ಅವರು ಹೇಳಿದರು. ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಎಂಬಂತೆ ಸಣ್ಣ ಸಣ್ಣ ಓಡಾಟವೇ ಹೆಚ್ಚಾದಾಗ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಉರಿಯದೆ ಉಳಿದ ಪೆಟ್ರೋಲೂ ನೀರಿನ ಪಸೆಯೂ ಆಯಿಲಿಗೆ ಸೇರಿ ಮಟ್ಟವನ್ನು ಸುಳ್ಳೇ ಏರಿಸಿಡುತ್ತವೆ. ಆಮೇಲೆ ಒಂದು ದಿನ ದೂರ ಹೋಗಿಬಂದರೆ ಅವೆಲ್ಲ ಆವಿಯಾಗಿ, ಆಯಿಲ್ ಒಮ್ಮೆಗೇ ಖಾಲಿಯಾದಂತೆ ಕಾಣುತ್ತದೆ. ಆದ್ದರಿಂದ ಒಂದು ವಾರದ ಅಳತೆಗೆ ಬೆಲೆಯಿಲ್ಲ, ಕನಿಷ್ಠ 1000 ಕಿಲೋಮೀಟರಿನ ಲೆಕ್ಕ ಬೇಕು. ನನ್ನ ಕಾರಿನದು 1000 ಕಿಲೋಮೀಟರಿಗೆ 700 ಮಿಲಿಲೀಟರಿನಷ್ಟು ಬಂತು. ಕೆಲವು ಕಂಪೆನಿಗಳ ಕೈಪಿಡಿಗಳು 1000 ಕಿಲೋಮೀಟರಿಗೆ 1 ಲೀಟರಿನವರೆಗೂ ಹೋಗಬಹುದೆಂದು ಮಿತಿ ಹಾಕಿರುವುದುಂಟು. ಆ ಮಿತಿ ವಾರಂಟಿಯ ತಕರಾರುಗಳಿಂದ ತಯಾರಕರನ್ನು ಕಾಪಾಡಲು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಮೂರು ಮೂರೂವರೆ ಲೀಟರ್ ಹಿಡಿಯುವ ಸಣ್ಣ ಎಂಜಿನ್ನಿನಲ್ಲಿ 700 ಮಿಲಿಲೀಟರ್ ಹೋದರೆ ಅದು ರೋಗವೇ.

ಲೆಕ್ಕ ಸಿಕ್ಕಿದ ಮೇಲೆ ಪ್ರಶ್ನೆ ಎರಡಾಗಿ ಒಡೆಯಿತು: ಆಯಿಲ್ ಹೊರಗೆ ಸೋರುತ್ತಿದೆಯೇ, ಒಳಗೆ ಉರಿಯುತ್ತಿದೆಯೇ? ಸೋರಿಕೆಯನ್ನು ನೋಡಲು ಎಂಜಿನ್ನಿಗೆ ಹಿಡಿದ ಎಣ್ಣೆಜಿಡ್ಡನ್ನೆಲ್ಲ ತೊಳೆದು, ಒಣಗಿಸಿ, ರಾತ್ರಿ ಕಾರಿನ ಅಡಿಗೆ ರಟ್ಟು ಹಾಸಿದೆವು. ಡ್ರೈನ್ ಪ್ಲಗ್, ಫಿಲ್ಟರಿನ ಬುಡ, ಆಯಿಲ್ ಪ್ರೆಷರ್ ಸ್ವಿಚ್, ಗೇರ್‌ಬಾಕ್ಸ್ ಸೇರುವಲ್ಲಿರುವ ಹಿಂದಿನ ಕ್ರ್ಯಾಂಕ್ ಸೀಲ್, ಇವೆಲ್ಲ ಒಣಗಿಯೇ ಇದ್ದವು. ಟ್ಯಾಪೆಟ್ ಕವರಿನ ಒಂದು ಮೂಲೆಯಲ್ಲಿ ಮಾತ್ರ ಪಸೆ ಕಂಡಿತು. ನಮ್ಮ ಕೆಂಪು ಮಣ್ಣಿನ ರಸ್ತೆಗಳ ಒಂದು ಉಪಕಾರವೆಂದರೆ, ಆಯಿಲ್ ಜಿನುಗುವ ಕಡೆ ಧೂಳು ಅಂಟಿ ಕಪ್ಪು ಹೆಕ್ಕಳೆಯಾಗಿ ಅಲ್ಲೇ ಗುರುತು ಉಳಿಯುತ್ತದೆ. ಆದರೆ ಅಷ್ಟು ಪಸೆಯಿಂದ 700 ಮಿಲಿಲೀಟರ್ ಹೋಗಲಾರದು. ಆಯಿಲ್ ಸುರಿಯುವ ಮುಚ್ಚಳದ ಒಳಗೆ ಮಜ್ಜಿಗೆಯ ನೊರೆಯಂತೆ ಬಿಳಿಯ ಪದಾರ್ಥ ಸ್ವಲ್ಪ ಕಂಡಾಗ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಹೋಗಿ, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಆಯಿಲಿಗೆ ಸೇರುತ್ತಿದೆಯೇ ಎಂಬ ಭಯ ಹುಟ್ಟಿತು. ಕೂಲೆಂಟಿನ ಮಟ್ಟ ಇಳಿದಿರಲಿಲ್ಲ, ಅದರ ಮೇಲೆ ಎಣ್ಣೆ ತೇಲುತ್ತಿರಲಿಲ್ಲ, ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿತ್ತು. ಮಳೆಗಾಲದ ತೇವದಲ್ಲಿ ಸಣ್ಣ ಓಡಾಟ ಮಾಡುವ ಕಾರುಗಳ ಮುಚ್ಚಳದಲ್ಲಿ ಹೀಗೆ ಕಾಣುವುದು ಸಾಮಾನ್ಯವೆಂದು ತಿಳಿದು ಸಮಾಧಾನವಾಯಿತು.

ಹಾಗಾದರೆ ಒಳಗೇ ಉರಿಯುತ್ತಿದೆ. ಉರಿಯುವ ಆಯಿಲ್ ಸಿಲಿಂಡರಿಗೆ ಬರುವ ದಾರಿಗಳು ಮುಖ್ಯವಾಗಿ ಮೂರು: ಮೇಲಿನಿಂದ, ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವಿನ ದಂಟಿನ ಗುಂಟ ಇಳಿಯುವುದು, ಕೆಳಗಿನಿಂದ ಪಿಸ್ಟನ್ ರಿಂಗುಗಳನ್ನು ದಾಟಿ ಏರುವುದು, ಚೇಂಬರಿನ ಅನಿಲವನ್ನು ಹೊರಗೆ ಬಿಡುವ ಬ್ರೀದರ್ ವ್ಯವಸ್ಥೆಯ ಮೂಲಕ, ಎಂಜಿನ್ ಗಾಳಿ ಎಳೆಯುವ ದಾರಿಯಾದ ಇನ್‌ಟೇಕಿಗೆ ಸೇರುವುದು. ಟರ್ಬೊ ಇರುವ ಗಾಡಿಗಳಲ್ಲಿ ಅದರ ಸೀಲುಗಳದ್ದು ನಾಲ್ಕನೆಯ ದಾರಿ, ನನ್ನ ಕಾರಿಗೆ ಅದು ಇರಲಿಲ್ಲ. ದಾರಿ ಯಾವುದೆಂದು ಮೊದಲು ಸೂಚಿಸುವುದು ಹೊಗೆ, ಅದರಲ್ಲಿಯೂ ಹೊಗೆ ಯಾವಾಗ ಬರುತ್ತದೆ ಎಂಬುದು.

ಬಣ್ಣದ ವಿಷಯ ಹಲವರಿಗೆ ಗೊತ್ತಿರುವುದೇ: ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದುದರ ಲಕ್ಷಣ, ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲೆಂಟ್ ಉರಿಯುವುದರ ಲಕ್ಷಣ, ನೀಲಿ ಛಾಯೆಯದು ಆಯಿಲಿನದು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಸೈಲೆನ್ಸರಿನ ಹಿಂದೆ ಬಿಳಿ ಗೋಡೆಯಿದ್ದರೆ ನೀಲಿ ಚೆನ್ನಾಗಿ ತಿಳಿಯುತ್ತದೆ. ನನ್ನ ಕಾರು ಬೆಳಗಿನ ಮೊದಲ ಚಾಲನೆಯಲ್ಲಿ ಕೆಲವು ಕ್ಷಣ ನೀಲಿ ಹೊಗೆ ಉಗುಳಿ ಆಮೇಲೆ ಶುಚಿಯಾಗುತ್ತಿತ್ತು. ಏರಿನಲ್ಲಿ ಜೋರಾಗಿ ಒತ್ತಿದಾಗ ಏನೂ ಇರಲಿಲ್ಲ. ಇನ್ನಷ್ಟು ಖಚಿತವಾದದ್ದು ಮಡಿಕೇರಿಗೆ ಹೋಗಿ ಬರುವಾಗ. ಸಂಪಾಜೆ ಘಾಟಿಯನ್ನು ಇಳಿಯುವಾಗ ಗೇರಿನಲ್ಲಿಯೇ ಎಂಜಿನ್ ಹಿಡಿತಕ್ಕೆ ಬಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಬಹಳ ದೂರ ಬಂದೆ. ಮುಳ್ಳೇರಿಯದ ನಮ್ಮ ಭಾವ ತಮ್ಮ ಕಾರಿನಲ್ಲಿ ನನ್ನ ಹಿಂದೆಯೇ ಬರುತ್ತಿದ್ದರು. ಇಳಿಜಾರು ಮುಗಿದು ನಾನು ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಒಂದು ಮೋಡದಷ್ಟು ನೀಲಿ ಹೊಗೆ ಎದ್ದಿತೆಂದೂ ಸ್ವಲ್ಪ ದೂರದಲ್ಲಿ ಅದು ನಿಂತಿತೆಂದೂ ಸುಳ್ಯದಲ್ಲಿ ಚಹಾಕ್ಕೆ ನಿಂತಾಗ ಹೇಳಿದರು.

ಇದರ ಹಿಂದಿನ ಕೆಲಸ ಹೀಗೆ. ಆಕ್ಸಿಲರೇಟರ್ ಬಿಟ್ಟಾಗ ಇನ್‌ಟೇಕಿನ ಬಾಗಿಲಾದ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ, ಪಿಸ್ಟನ್ನುಗಳು ಇಲ್ಲದ ಗಾಳಿಯನ್ನು ಎಳೆಯಲು ಹೋಗಿ ಇನ್‌ಟೇಕಿನಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ. ವಾಲ್ವಿನ ದಂಟಿಗೆ ಟೊಪ್ಪಿಯ ಹಾಗೆ ಕೂತಿರುವ ರಬ್ಬರ್ ಸೀಲ್ ಸಡಿಲವಾಗಿದ್ದರೆ ಆ ನಿರ್ವಾತ ಹೆಡ್ಡಿನ ಮೇಲಿನ ಆಯಿಲನ್ನು ದಂಟಿನ ಗುಂಟ ಒಳಕ್ಕೆ ಎಳೆಯುತ್ತದೆ, ಮತ್ತೆ ಒತ್ತಿದಾಗ ಸೇರಿದ್ದೆಲ್ಲ ಒಟ್ಟಿಗೆ ಉರಿಯುತ್ತದೆ. ರಾತ್ರಿ ನಿಂತ ಕಾರಿನಲ್ಲಿಯೂ ಆಯಿಲ್ ಅದೇ ಸೀಲುಗಳ ಮೂಲಕ ತೊಟ್ಟಿಕ್ಕಿ ಬೆಳಗಿನ ಹೊಗೆಯಾಗುತ್ತದೆ. ರಿಂಗ್ ಸವೆದ ಎಂಜಿನ್ನುಗಳು ಹೆಚ್ಚಾಗಿ ಭಾರ ಎಳೆಯುವಾಗ, ಏರಿನಲ್ಲಿ ಒತ್ತಿದಾಗ ನಿರಂತರವಾಗಿ ಹೊಗೆ ಬಿಡುತ್ತವೆ. ಆದರೂ ಮೆಕ್ಯಾನಿಕ್ ಇಷ್ಟಕ್ಕೇ ತೀರ್ಪು ಕೊಡಲಿಲ್ಲ. ಆ ನಿರ್ವಾತ ಕೆಳಗಿನ ಆಯಿಲ್ ರಿಂಗನ್ನೂ ದಾಟಿ ಎಳೆಯಬಲ್ಲದು, ಹೊಗೆ ದಿಕ್ಕು ತೋರಿಸುತ್ತದೆಯೇ ಹೊರತು ಮನೆ ತೋರಿಸುವುದಿಲ್ಲ ಎಂಬುದು ಅವರ ನಿಲುವು.

ಅವರು ಮೊದಲು ಕೈಹಾಕಿದ್ದು ಅತ್ಯಂತ ಅಗ್ಗದ ಭಾಗಕ್ಕೆ. ಪಿಸ್ಟನ್ ದಾಟಿ ಕೆಳಗೆ ನುಸುಳುವ ಅನಿಲ ಚೇಂಬರಿನಲ್ಲಿ ಕೂಡಿಕೊಳ್ಳದ ಹಾಗೆ ಅದನ್ನು ಮತ್ತೆ ಇನ್‌ಟೇಕಿಗೆ ಕಳುಹಿಸುವ ಪಿಸಿವಿ ವಾಲ್ವ್ ಎಂಬ ಸಣ್ಣ ಸಾಧನವಿದೆ. ತೆಗೆದು ಅಲುಗಿಸಿದರೆ ಒಳಗೆ ಟಿಕ್ ಟಿಕ್ ಎಂದು ಸದ್ದು ಬರಬೇಕು. ನನ್ನದು ಅಂಟು ಕಟ್ಟಿ ಮೂಕವಾಗಿತ್ತು. ತೆರೆದ ಸ್ಥಿತಿಯಲ್ಲಿ ಅಂಟಿಕೊಂಡರೆ ಆಯಿಲಿನ ಆವಿಯನ್ನು ಹೆಚ್ಚಾಗಿ ಎಳೆಯುತ್ತದೆ, ಮುಚ್ಚಿದ ಸ್ಥಿತಿಯಲ್ಲಿ ಅಂಟಿದರೆ ಒಳಗಿನ ಒತ್ತಡ ಏರಿ ಸೀಲುಗಳಿಂದ ಆಯಿಲ್ ಜಿನುಗುತ್ತದೆ. ಕೆಲವು ನೂರು ರೂಪಾಯಿಯ ಹೊಸ ವಾಲ್ವ್ ಹಾಕಿ, ಬ್ರೀದರ್ ಪೈಪನ್ನು ತೊಳೆದು, ಬೇರೇನನ್ನೂ ಮುಟ್ಟದೆ ಮತ್ತೆ ಅಳೆಯಲು ಹೇಳಿದರು. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಹೊಸ ಲೆಕ್ಕ 550 ಮಿಲಿಲೀಟರ್ ಬಂತು. ಅದು ಪಾಲುದಾರ ಮಾತ್ರ, ಮುಖ್ಯ ಆರೋಪಿ ಬೇರೆ.

ಮುಂದಿನದು ಪ್ಲಗ್ಗುಗಳನ್ನು ಬಿಚ್ಚಿ, ಬಂದ ಸಿಲಿಂಡರಿನ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಇಟ್ಟು ನೋಡುವ ಕೆಲಸ. ಮೂರರ ತುದಿಗಳು ತಿಳಿಗಂದು ಬಣ್ಣಕ್ಕಿದ್ದವು. ಮೂರನೆಯ ಸಿಲಿಂಡರಿನ ಪ್ಲಗ್ ಮಾತ್ರ ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಜಾರುವಂತಿತ್ತು. ಆ ಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್. ಎಂಜಿನ್ ಬಿಸಿಯಿರಬೇಕು, ಎಲ್ಲ ಪ್ಲಗ್ಗುಗಳೂ ಹೊರಗಿರಬೇಕು, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಇಗ್ನಿಷನ್ ಸಂಪರ್ಕ ಬಿಡಿಸಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದಿರಬೇಕು, ಬ್ಯಾಟರಿಗೆ ತ್ರಾಣವಿರಬೇಕು. ನಾಲ್ಕೂ ಸಿಲಿಂಡರುಗಳು 170ರಿಂದ 180 ಪಿಎಸ್‌ಐ ನಡುವೆ ತೋರಿಸಿದವು, ಮೂರನೆಯದು 170. ಅದಕ್ಕೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಹೇಳಿಕೊಳ್ಳುವಷ್ಟು ಏರಲಿಲ್ಲ. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಒತ್ತಡ ಎದ್ದು ಕಾಣುವಷ್ಟು ಏರುತ್ತಿತ್ತು.

ಮೊದಲ ಗ್ಯಾರೇಜಿನವರ ಮಾತು ಅಲ್ಲಿಗೆ ಬಿತ್ತೆಂದು ನಾನು ಹೇಳಿದಾಗ ಹಿರಿಯರು ತಡೆದರು. "ಗೇಜು ಸುಳ್ಳು ಹೇಳುದಿಲ್ಲ ಮಾಷ್ಟ್ರೇ. ಆದ್ರೆ ಅದಕ್ಕೆ ಗೊತ್ತಿರುದು ಮೇಲಿನ ಎರಡು ರಿಂಗಿನ ಸುದ್ದಿ ಮಾತ್ರ." ಪಿಸ್ಟನ್ನಿನ ಮೇಲಿನ ಎರಡು ರಿಂಗುಗಳು ಒತ್ತಡವನ್ನು ಹಿಡಿಯುತ್ತವೆ, ಮೂರನೆಯದು ಸಿಲಿಂಡರಿನ ಗೋಡೆಯಿಂದ ಆಯಿಲನ್ನು ಕೆರೆದು ಕೆಳಕ್ಕೆ ಕಳುಹಿಸುವ ಆಯಿಲ್ ರಿಂಗ್. ಆಯಿಲ್ ಬದಲಿಸದೆ ಓಡಿಸಿದ ಎಂಜಿನ್ನುಗಳಲ್ಲಿ ಅದರ ಹಿಂದಿನ ಸಣ್ಣ ಕಿಂಡಿಗಳು ಮಸಿಯಿಂದ ಮುಚ್ಚಿ ರಿಂಗ್ ಅಲ್ಲೇ ಅಂಟಿಕೊಳ್ಳುತ್ತದೆ. ಆಗ ಕಂಪ್ರೆಷನ್ ಸೊಗಸಾಗಿಯೇ ಇರುತ್ತದೆ, ಆಯಿಲ್ ಮಾತ್ರ ಉರಿಯುತ್ತಲೇ ಇರುತ್ತದೆ. ಗೇಜಿನ ಅಂಕಿ ಒಂದನ್ನೇ ನಂಬಿ ರಿಂಗುಗಳನ್ನು ನಿರ್ದೋಷಿ ಎನ್ನುವವರು ಅನೇಕರು, ಅದಕ್ಕಾಗಿಯೇ ಈ ಭಾಗವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಫೋನಿಗೆ ಜೋಡಿಸುವ ಪೆನ್ಸಿಲಿನಷ್ಟು ದಪ್ಪದ ಕ್ಯಾಮೆರಾ ಈಗ ಅಗ್ಗವಾಗಿ ಸಿಗುತ್ತದೆ. ಅದನ್ನು ಪ್ಲಗ್ಗಿನ ತೂತಿನಿಂದ ಇಳಿಸಿದಾಗ ಸಿಲಿಂಡರಿನ ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಗೀರಿದ ಅಡ್ಡಡ್ಡ ಗೆರೆಗಳು ಇನ್ನೂ ಉಳಿದಿದ್ದವು. ಪಿಸ್ಟನ್ನಿನ ತಲೆಯ ಮೇಲೆ ಮಸಿ ಸಮನಾಗಿ ಹರಡಿತ್ತು. ಕೆಳಗಿನಿಂದ ಆಯಿಲ್ ಏರುತ್ತಿದ್ದರೆ ತಲೆಯ ಅಂಚಿನ ಮಸಿ ತೊಳೆದುಹೋಗಿ ಅಲ್ಲಿ ಲೋಹ ಹೊಳೆಯಬೇಕಿತ್ತು, ಹಾಗಿರಲಿಲ್ಲ. ಬಳಿಕ ಇನ್‌ಟೇಕ್ ಮ್ಯಾನಿಫೋಲ್ಡನ್ನು ಬಿಚ್ಚಿ ವಾಲ್ವುಗಳ ಬೆನ್ನು ನೋಡಿದೆವು. ಒಂದು, ಎರಡು, ನಾಲ್ಕನೆಯ ಸಿಲಿಂಡರುಗಳಲ್ಲಿ ತೆಳುವಾದ ಕಂದು ಲೇಪ. ಮೂರನೆಯದರ ಎರಡು ಇನ್‌ಟೇಕ್ ವಾಲ್ವುಗಳಲ್ಲಿ ಒಂದರ ದಂಟಿನ ಬುಡದಲ್ಲಿ ಮಸಿ ಗಂಟುಗಂಟಾಗಿ ಬೆಳೆದಿತ್ತು, ಮತ್ತು ಗಂಟಿನ ಮೇಲೆ ದಂಟಿನುದ್ದಕ್ಕೂ ಹಸಿ ಆಯಿಲ್ ಟಾರ್ಚಿನ ಬೆಳಕಿಗೆ ಮಿನುಗುತ್ತಿತ್ತು. ಆಯಿಲ್ ಮೇಲಿನಿಂದಲೇ ಇಳಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ವಾಲ್ವ್ ಸೀಲ್ ಬದಲಿಸಲು ಹೆಡ್ ಇಳಿಸಲೇಬೇಕೆಂದಿಲ್ಲ. ಸ್ಪ್ರಿಂಗ್ ಬಿಚ್ಚಿದಾಗ ವಾಲ್ವ್ ಸಿಲಿಂಡರಿನೊಳಗೆ ಬೀಳದಂತೆ ತಡೆದರೆ ಸಾಕು. ದೊಡ್ಡ ವರ್ಕ್‌ಶಾಪುಗಳಲ್ಲಿ ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ತುಂಬಿ ಹಿಡಿಯುತ್ತಾರೆ. ಇವರು ನೈಲಾನ್ ಹಗ್ಗವನ್ನು ಬಳಸಿದರು. ಪಿಸ್ಟನ್ ಕೆಳಗಿರುವಾಗ ಹಗ್ಗವನ್ನು ತೂತಿನಿಂದ ಒಳಕ್ಕೆ ತುರುಕಿ, ಒಂದು ತುದಿಯನ್ನು ಹೊರಗೇ ಬಿಟ್ಟು, ಕ್ರ್ಯಾಂಕನ್ನು ಪಾನದಿಂದ ಮೆಲ್ಲಗೆ ತಿರುಗಿಸಿದರು. ಮೇಲೇರಿದ ಪಿಸ್ಟನ್ ಹಗ್ಗದ ಸುರುಳಿಯನ್ನು ವಾಲ್ವುಗಳಿಗೆ ಒತ್ತಿ ಹಿಡಿಯಿತು. ವಾಲ್ವುಗಳನ್ನು ಅದುಮುವ ರಾಕರುಗಳ ಶಾಫ್ಟನ್ನು ಮೊದಲೇ ಬಿಚ್ಚಿಯಾಗಿತ್ತು. ಆಯಿಲ್ ಇಳಿಯುವ ತೂತುಗಳಿಗೆಲ್ಲ ಬಟ್ಟೆ ತುಂಬಿದ ಮೇಲೆಯೇ ಸ್ಪ್ರಿಂಗನ್ನು ಅದುಮಿ ಅದರ ಪುಟ್ಟ ಲಾಕುಗಳನ್ನು ಆಯಸ್ಕಾಂತದಿಂದ ಎತ್ತಿದರು, ಏಕೆಂದರೆ ಒಂದು ಲಾಕ್ ಜಾರಿ ಚೇಂಬರಿಗೆ ಬಿದ್ದರೆ ಉಳಿಸಿದ ಕೆಲಸವೆಲ್ಲ ವ್ಯರ್ಥ. ಹೊರಬಂದ ಹಳೆಯ ಸೀಲನ್ನು ನನ್ನ ಅಂಗೈಯಲ್ಲಿಟ್ಟರು. ರಬ್ಬರಿನ ಗುಣವೇ ಅದರಲ್ಲಿ ಉಳಿದಿರಲಿಲ್ಲ. ಉಗುರಿನಿಂದ ಒತ್ತಿದರೆ ತಗ್ಗದೆ ಅಂಚು ಪುಡಿಯಾಯಿತು. ಹೊಸದು ದಂಟನ್ನು ಬಿಗಿಯಾಗಿ ತಬ್ಬಿ ಕೂತಿತು. ಪ್ರತಿ ವಾಲ್ವಿನ ದಂಟನ್ನು ಪಕ್ಕಕ್ಕೆ ಅಲುಗಿಸಿಯೂ ನೋಡಿದರು: ದಂಟು ಜಾರುವ ಕೊಳವೆಯಾದ ಗೈಡ್ ಸವೆದು ಆಟ ಹೆಚ್ಚಾಗಿದ್ದರೆ ಹೊಸ ಸೀಲೂ ಬೇಗ ಹಾಳಾಗುತ್ತದೆ, ಆಗ ಹೆಡ್ ಇಳಿಸದೆ ಗತಿಯಿಲ್ಲ. ಮೂರನೆಯ ಸಿಲಿಂಡರಿನದರಲ್ಲಿ ಆಟ ಸ್ವಲ್ಪವೇ ಇತ್ತು, ಬಿಡಬಹುದೆಂದರು. ಎಲ್ಲ 16 ಸೀಲುಗಳನ್ನೂ ಬದಲಿಸಿ, ಟ್ಯಾಪೆಟ್ ಅಂತರವನ್ನು ಹೊಂದಿಸಿ, ಕವರಿನ ಗ್ಯಾಸ್ಕೆಟನ್ನೂ ಹೊಸದಾಗಿಸಿದರು. ಸಾಮಾನು, ಕೂಲಿ ಸೇರಿ 6000 ರೂಪಾಯಿಯ ಒಳಗೆ ಮುಗಿಯಿತು.

ಮೊದಲ ಕೆಲವು ಬೆಳಿಗ್ಗೆ ಸೈಲೆನ್ಸರಿನಲ್ಲಿ ಹಿಡಿದಿದ್ದ ಹಳೆಯ ಆಯಿಲ್ ಉರಿದು ಹೊಗೆ ಬಂತು, ಆಮೇಲೆ ನಿಂತಿತು. ಈಗಿನ ಲೆಕ್ಕ 1000 ಕಿಲೋಮೀಟರಿಗೆ 100 ಮಿಲಿಲೀಟರಿನ ಆಸುಪಾಸು. ಆ ಉಳಿಕೆ ರಿಂಗುಗಳದ್ದೋ ಗೈಡಿನದ್ದೋ ಆಗಿರಬಹುದು, ಅದಕ್ಕಾಗಿ ಎಂಜಿನ್ ಬಿಚ್ಚುವ ಯೋಚನೆ ನನಗಿಲ್ಲ. ಕೈಪಿಡಿಯಲ್ಲಿ ಹೇಳಿದ 5ಡಬ್ಲ್ಯು-30 ಎಂಬ ತೆಳು ದರ್ಜೆಯ ಆಯಿಲನ್ನೇ ಮುಂದುವರಿಸಿದ್ದೇನೆ. 20ಡಬ್ಲ್ಯು-50ರಂಥ ಮಂದ ಆಯಿಲ್ ಹಾಕಿದರೆ ಖರ್ಚಾಗುವುದು ಕಡಿಮೆಯಾಗುತ್ತದೆಂದು ಅನೇಕರು ಹೇಳಿದರು. ಕಡಿಮೆಯಾಗುವುದೂ ನಿಜವಿರಬಹುದು, ಆದರೆ ತೆಳು ಆಯಿಲಿಗೆಂದು ಮಾಡಿದ ಸಂದುಗಳಿಗೆ ಬೆಳಗಿನ ಚಾಲನೆಯಲ್ಲಿ ಅದು ತಡವಾಗಿ ತಲುಪುತ್ತದೆ, ಸೀಲಿನ ದೋಷವೂ ಅದರ ಮರೆಯಲ್ಲಿ ಬೆಳೆಯುತ್ತಾ ಹೋಗುತ್ತದೆ.

ಹಳೆಯ ಕಾರು ಕೊಳ್ಳುವವರು ನೋಡಲು ಬರುವ ಮುನ್ನ ಗಾಡಿಯನ್ನು ಚಾಲೂ ಮಾಡಬೇಡಿ ಎಂದು ಮಾರುವವರಿಗೆ ತಿಳಿಸಿ, ಬೆಳಿಗ್ಗೆಯೇ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಾತ್ರಿಮಾಡಿಕೊಂಡ ಮೇಲೆ ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಹಿಂದೆ ನಿಲ್ಲಬೇಕು. ಓಡಿಸಿ ನೋಡುವಾಗ ಯಾವುದಾದರೂ ಇಳಿಜಾರಿನಲ್ಲಿ ಗೇರಿನಲ್ಲಿಯೇ ಬಿಟ್ಟು ಇಳಿದು, ತಳದಲ್ಲಿ ಒತ್ತಬೇಕು. ನಮ್ಮ ಕಡೆ ಇಳಿಜಾರಿಗೆ ಬರವಿಲ್ಲ. ಮುಳ್ಳೇರಿಯದ ಭಾವನೂ ಈಗ ತಮ್ಮ ಕಾರಿನ ಆಯಿಲನ್ನು ಅಳೆಯಲು ತೊಡಗಿದ್ದಾರೆ. ಅವರದ್ದು ಬೆಳಿಗ್ಗೆ ಶುಚಿಯಾಗಿಯೇ ಚಾಲೂ ಆಗುತ್ತದೆ, ಹೊಗೆ ಬರುವುದು ಆದೂರಿನ ಏರಿನಲ್ಲಿ ಒತ್ತಿದಾಗ; ಅದಕ್ಕೆ ಮುಂದಿನ ವಾರ ಗೇಜ್ ಹಾಕಿ ನೋಡುವುದೆಂದು ಮೆಕ್ಯಾನಿಕ್ ಹೇಳಿದ್ದಾರೆ.